ಸಂದರ್ಶನದಲ್ಲಿ ಕಂಪನಿಗೆ ಪ್ರಶ್ನೆ ಕೇಳುವುದು ಹೇಗೆ?

ಖಾಸಗಿ ಕಂಪನಿಯ ಸಂದರ್ಶನ ಮುಗಿಯುವ ಹೊತ್ತಿಗೆ ಎದುರಿಗೆ ಕುಳಿತವರು ‘ನಿಮ್ಮದೇನಾದರೂ ಪ್ರಶ್ನೆ ಇದೆಯೇ?’ ಎಂದು ಕೇಳುತ್ತಾರೆ. ನಮ್ಮ ಹುಡುಗ ಹುಡುಗಿಯರಲ್ಲಿ ಅನೇಕರು ‘ಏನೂ ಇಲ್ಲ ಸರ್, ಥ್ಯಾಂಕ್ಯೂ’ ಎಂದು ಎದ್ದುಬಿಡುತ್ತಾರೆ. ಹಿರಿಯರಿಗೆ ಎದುರಾಡಬಾರದು ಎಂಬ ಮಾತು ಕೇಳುತ್ತ ಬೆಳೆದವರಿಗೆ ಕೆಲಸ ಕೊಡುವವರನ್ನೇ ಪ್ರಶ್ನಿಸುವುದು ಅಧಿಕಪ್ರಸಂಗವೆನಿಸುವುದು ಸಹಜ. ಆದರೆ ಮುಂದಿನ ಎರಡು ಮೂರು ವರ್ಷ ಯಾರ ಕೈಕೆಳಗೆ, ಯಾವ ಕೆಲಸ ಮಾಡುತ್ತ, ಎಷ್ಟು ಸಂಬಳಕ್ಕೆ ದುಡಿಯಬೇಕಾಗುತ್ತದೆ ಎಂಬುದನ್ನು ಸಹಿ ಹಾಕುವ ಮೊದಲು ನೇರವಾಗಿ ಕೇಳಿ ತಿಳಿಯಲು ಅಭ್ಯರ್ಥಿಗೆ ಸಿಗುವುದು ಆ ಐದು ಹತ್ತು ನಿಮಿಷ ಮಾತ್ರ. ಅದನ್ನು ಬಳಸಿಕೊಳ್ಳುವುದಕ್ಕೆ ಧೈರ್ಯಕ್ಕಿಂತ ಹೆಚ್ಚಾಗಿ ತಯಾರಿ ಬೇಕು.

ಹಿಂದಿನ ದಿನದ ಕೆಲಸ

ಕಂಪನಿಯ ಜಾಲತಾಣದಲ್ಲೇ ಇರುವ ಸಂಗತಿಯನ್ನು ಸಂದರ್ಶಕರ ಬಾಯಿಂದ ಕೇಳಬೇಡಿ. ಕಂಪನಿ ಯಾವ ವರ್ಷ ನೋಂದಣಿಯಾಗಿದೆ, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದನ್ನು ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಡಬಹುದು. ಅದಕ್ಕಿಂತ ಉಪಯುಕ್ತವಾದದ್ದು ನೌಕರರ ಭವಿಷ್ಯ ನಿಧಿ (ಪಿಎಫ್) ನೋಡಿಕೊಳ್ಳುವ ಇಪಿಎಫ್‌ಒ ಜಾಲತಾಣದಲ್ಲಿ ಸಂಸ್ಥೆಗಳನ್ನು ಹುಡುಕುವ ಪುಟ. ಅಲ್ಲಿ ಕಂಪನಿಯ ಹೆಸರು ಕೊಟ್ಟರೆ ಅದು ಯಾವ ತಿಂಗಳು ಎಷ್ಟು ನೌಕರರ ಪಿಎಫ್ ಕಟ್ಟಿದೆ ಎಂಬ ವಿವರ ಸಿಗುತ್ತದೆ. ‘ನಮ್ಮಲ್ಲಿ ಮುನ್ನೂರು ಜನ ಇದ್ದಾರೆ’ ಎನ್ನುವ ಕಂಪನಿ ನಲವತ್ತೇ ಜನರಿಗೆ ಪಿಎಫ್ ಕಟ್ಟುತ್ತಿದ್ದರೆ, ಉಳಿದವರು ಯಾರ ರೋಲ್‌ನಲ್ಲಿ (ಸಂಬಳದ ಪಟ್ಟಿಯಲ್ಲಿ) ಇದ್ದಾರೆ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಇಷ್ಟು ಹುಡುಕಿದ ಮೇಲೂ ಉತ್ತರ ಸಿಗದ ಐದಾರು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ. ಕೆಲವಕ್ಕೆ ಮಾತಿನ ನಡುವೆಯೇ ಉತ್ತರ ಬಂದುಬಿಡುವುದರಿಂದ ಎರಡೇ ಪ್ರಶ್ನೆ ಇಟ್ಟುಕೊಂಡು ಹೋದರೆ ಕೊನೆಯಲ್ಲಿ ಕೈ ಖಾಲಿಯಾಗುತ್ತದೆ. ನೋಟ್‌ಬುಕ್ ತೆರೆದು ನೋಡಿಕೊಂಡು ಕೇಳಲು ಸಂಕೋಚ ಬೇಡ. ಕನ್ನಡ ಮಾಧ್ಯಮದಲ್ಲಿ ಓದಿದವರು ಮೊದಲು ಕನ್ನಡದಲ್ಲಿ ಬರೆದು, ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಾಗಿ ಮಾಡಿಕೊಂಡು, ಮನೆಯಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಲಿ. ಸಂದರ್ಶಕರಿಗೆ ಕನ್ನಡ ಬರುತ್ತದೆ ಎಂದು ಗೊತ್ತಾದರೆ ‘ಇದೊಂದನ್ನು ಕನ್ನಡದಲ್ಲಿ ಕೇಳಬಹುದೇ?’ ಎನ್ನುವುದರಲ್ಲಿ ತಪ್ಪೇನೂ ಇಲ್ಲ.

ಯಾರನ್ನು ಏನು ಕೇಳಬೇಕು?

ಟೆಕ್ನಿಕಲ್ ರೌಂಡ್‌ನಲ್ಲಿ ಕುಳಿತ ಎಂಜಿನಿಯರ್‌ಗೆ ರಜೆಯ ನಿಯಮಗಳ ಪೂರ್ತಿ ವಿವರ ತಿಳಿದಿರುವುದಿಲ್ಲ. ಎಚ್‌ಆರ್ ವಿಭಾಗದವರಿಗೆ ತಂಡದ ದಿನನಿತ್ಯದ ಕೆಲಸ ಗೊತ್ತಿರುವುದಿಲ್ಲ. ಕೆಲಸದ ಪ್ರಶ್ನೆಗಳನ್ನು ನಿಮ್ಮ ಮೇಲಧಿಕಾರಿಯಾಗಲಿರುವವರಿಗೆ, ಹಣ ಮತ್ತು ಷರತ್ತಿನ ಪ್ರಶ್ನೆಗಳನ್ನು ಎಚ್‌ಆರ್‌ಗೆ ಮೀಸಲಿಡಿ.

ಕೆಲಸದ ಬಗ್ಗೆ ಕೇಳುವಾಗ ಅಭಿಪ್ರಾಯ ಕೇಳಬೇಡಿ, ನಡೆದ ಸಂಗತಿ ಕೇಳಿ. ಇಡೀ ಲೇಖನದಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು. ‘ಇಲ್ಲಿನ ವಾತಾವರಣ ಹೇಗಿದೆ?’ ಎಂದರೆ ‘ತುಂಬ ಚೆನ್ನಾಗಿದೆ’ ಎಂಬ ಉತ್ತರ ಬಿಟ್ಟು ಬೇರೇನೂ ಬರುವುದಿಲ್ಲ. ‘ನಿಮ್ಮ ತಂಡಕ್ಕೆ ಇತ್ತೀಚೆಗೆ ಸೇರಿದವರು ಮೊದಲ ತಿಂಗಳು ಯಾವ ಕೆಲಸ ಮಾಡಿದರು?’ ಎಂದು ಕೇಳಿದರೆ, ಕಲಿಸುವವರಿದ್ದಾರೆಯೇ ಅಥವಾ ಬಂದ ದಿನವೇ ನೀರಿಗೆ ತಳ್ಳುತ್ತಾರೆಯೇ ಎಂಬುದು ತಾನಾಗಿಯೇ ತಿಳಿಯುತ್ತದೆ. ‘ಕಳೆದ ತಿಂಗಳು ಎಷ್ಟು ಶನಿವಾರ ತಂಡ ಕೆಲಸ ಮಾಡಬೇಕಾಯಿತು?’ ಎಂಬ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರ ಬಂದರೆ ಅದು ಸತ್ಯಕ್ಕೆ ಹತ್ತಿರವಿರುತ್ತದೆ; ‘ಬೇಕಾದಾಗ ಎಲ್ಲರೂ ಸಹಕರಿಸುತ್ತಾರೆ’ ಎಂದು ಬಂದರೆ ಶನಿವಾರಗಳು ನಿಮ್ಮ ಕೈಯಲ್ಲಿರುವುದು ಅನುಮಾನ.

ನನ್ನ ದೃಷ್ಟಿಯಲ್ಲಿ ಅತ್ಯಂತ ಫಲ ಕೊಡುವ ಪ್ರಶ್ನೆ ‘ಇದು ಹೊಸ ಹುದ್ದೆಯೇ, ಮೊದಲಿದ್ದವರು ಬಿಟ್ಟಿದ್ದರಿಂದ ಖಾಲಿಯಾಗಿದ್ದೇ?’ ಎಂಬುದು. ಬಿಟ್ಟಿದ್ದರೆ ಬಡ್ತಿ ಪಡೆದು ಬೇರೆ ತಂಡಕ್ಕೆ ಹೋದರೇ, ಕಂಪನಿಯನ್ನೇ ತೊರೆದರೇ, ಎಷ್ಟು ಕಾಲ ಇದ್ದರು ಎಂದು ವಿನಯದಿಂದಲೇ ಮುಂದುವರಿಸಬಹುದು. ಒಂದೇ ಕುರ್ಚಿಯಲ್ಲಿ ಎರಡು ವರ್ಷದೊಳಗೆ ಮೂವರು ಕುಳಿತು ಎದ್ದು ಹೋಗಿದ್ದರೆ ತೊಂದರೆ ಆ ಮೂವರಲ್ಲೇ ಇತ್ತೆಂದು ನಂಬುವುದು ಕಷ್ಟ.

ಐಟಿ ಸೇವಾ ಕಂಪನಿಗೆ ಸೇರುವ ಹೊಸಬರು ತರಬೇತಿಯ ಬಗ್ಗೆ ತಪ್ಪದೆ ಕೇಳಬೇಕು. 2025ರ ಫೆಬ್ರುವರಿಯಲ್ಲಿ ಮೈಸೂರಿನ ತರಬೇತಿ ಕೇಂದ್ರವೊಂದರಿಂದ, ಆಂತರಿಕ ಪರೀಕ್ಷೆಯಲ್ಲಿ ಮೂರು ಸಲವೂ ತೇರ್ಗಡೆಯಾಗಲಿಲ್ಲವೆಂಬ ಕಾರಣಕ್ಕೆ, ಮುನ್ನೂರಕ್ಕೂ ಹೆಚ್ಚು ಟ್ರೈನಿಗಳನ್ನು ಹೊರಗೆ ಕಳಿಸಲಾಯಿತು. ಪರೀಕ್ಷೆ ಎಷ್ಟು, ಎಷ್ಟು ಅವಕಾಶ, ತೇರ್ಗಡೆಯಾಗದಿದ್ದರೆ ಮುಂದೇನು, ಪ್ರಾಜೆಕ್ಟ್ ಸಿಗದೆ ಬೆಂಚ್‌ನಲ್ಲಿರಬೇಕಾದರೆ ಸಂಬಳದ ಗತಿಯೇನು ಎಂಬುದು ಸೇರುವ ಮೊದಲೇ ಗೊತ್ತಿರಬೇಕು.

ಸಂಬಳ ಕೇಳುವ ಬಗೆ

ವೇತನದ ಮಾತನ್ನು ಮೊದಲ ರೌಂಡ್‌ನಲ್ಲೇ ಎತ್ತಬೇಕಿಲ್ಲ. ಎಚ್‌ಆರ್ ತಾವಾಗಿಯೇ ಸಿಟಿಸಿ (ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಹೇಳಿದಾಗ ಕೇಳಬೇಕಾದದ್ದು ‘ಇದರಲ್ಲಿ ತಿಂಗಳಿಗೆ ಕೈಗೆ ಬರುವುದೆಷ್ಟು, ಅದರ ವಿಂಗಡಣೆ ತೋರಿಸುವಿರಾ?’ ಎಂದು. ವರ್ಷಕ್ಕೆ 4.8 ಲಕ್ಷ ರೂಪಾಯಿ ಸಿಟಿಸಿ ಎಂದರೆ ತಿಂಗಳಿಗೆ 40,000 ಎಂದುಕೊಳ್ಳುತ್ತೇವೆ. ಅದರಲ್ಲಿ ಮೂಲವೇತನ 20,000 ಎಂದಿಟ್ಟುಕೊಳ್ಳಿ. ಕಂಪನಿಯ ಪಾಲಿನ ಪಿಎಫ್ ಶೇ 12ರಂತೆ 2,400, ವರ್ಷಗಟ್ಟಲೆ ದುಡಿದು ಬಿಡುವಾಗ ಕೊಡುವ ಗ್ರಾಚ್ಯುಟಿಗೆಂದು ಶೇ 4.81ರಂತೆ 962, ವರ್ಷದ ಕೊನೆಗೆ ಸಾಧನೆ ನೋಡಿ ಕೊಡುವ ವೇರಿಯಬಲ್ ಪೇ ಶೇ 10 ಇದ್ದರೆ 4,000 ಕಳೆಯಬೇಕು. ಉಳಿದ 32,638ರಲ್ಲಿ ನಿಮ್ಮ ಪಾಲಿನ ಪಿಎಫ್ 2,400, ಕರ್ನಾಟಕದ ವೃತ್ತಿ ತೆರಿಗೆ 200 ಕಳೆದರೆ ಬ್ಯಾಂಕ್ ಖಾತೆಗೆ ಬರುವುದು 30,038 ರೂಪಾಯಿ. ಪಿಎಫ್ ನಿಮ್ಮದೇ ಉಳಿತಾಯವಾದ್ದರಿಂದ ಅದು ನಷ್ಟವಲ್ಲ. ಆದರೆ ಬೆಂಗಳೂರಿನಲ್ಲಿ ಪಿ.ಜಿ. ಬಾಡಿಗೆ ಕೊಟ್ಟು ಊರಿಗೂ ಹಣ ಕಳಿಸಬೇಕಾದವರು ಲೆಕ್ಕ ಹಾಕಬೇಕಾದದ್ದು 30,000ಕ್ಕೆ. ಕಳೆದ ವರ್ಷ ವೇರಿಯಬಲ್ ಪೇ ಪೂರ್ತಿ ಕೊಟ್ಟಿದ್ದರೇ ಎಂಬುದನ್ನೂ ಇಲ್ಲೇ ಕೇಳಿ.

ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಎಂಬ ಕರಾರು) ಇದ್ದರೆ ಅವಧಿ ಎಷ್ಟು, ಮೊತ್ತ ಎಷ್ಟು, ದಿನ ಕಳೆದಂತೆ ಮೊತ್ತ ಇಳಿಯುತ್ತದೆಯೇ ಎಂದು ವಿಚಾರಿಸಿ. ಬಾಂಡ್‌ಗೆ ಕೋರ್ಟಿನಲ್ಲಿ ಬೆಲೆಯಿಲ್ಲ ಎಂಬ ಮಾತನ್ನು ನಂಬಿ ಸಹಿ ಹಾಕಬಾರದು. ಮೂರು ವರ್ಷ ಪೂರೈಸದೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕ್‌ನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಆ ಪ್ರಕರಣ ಹೋದದ್ದು ನಮ್ಮ ಹೈಕೋರ್ಟಿನಿಂದಲೇ. ಮೂಲ ಅಂಕಪಟ್ಟಿಗಳನ್ನು ಕಂಪನಿ ತನ್ನ ಬಳಿ ಇಟ್ಟುಕೊಳ್ಳುತ್ತದೆಯೇ ಎಂದೂ ಕೇಳಿ, ಹೌದೆಂದರೆ ಪರಿಶೀಲನೆಯಾದ ಕೂಡಲೇ ವಾಪಸು ಕೊಡಬೇಕೆಂದು ಸ್ಪಷ್ಟವಾಗಿ ಹೇಳಿ. ಜೆರಾಕ್ಸ್ ಪ್ರತಿ ಕೊಡಬಹುದು, ಮೂಲ ಪ್ರತಿ ಬಿಟ್ಟು ಬರಬಾರದು.

ಪೀಣ್ಯ, ಬಿಡದಿಯ ಕಾರ್ಖಾನೆಗಳಿಗೆ ಹೋಗುವ ಐಟಿಐ, ಡಿಪ್ಲೊಮಾ ಅಭ್ಯರ್ಥಿಗಳಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ‘ನೇಮಕಾತಿ ಕಂಪನಿ ರೋಲ್‌ಗೋ, ಗುತ್ತಿಗೆದಾರರ ಮೂಲಕವೋ?’ ಎಂಬ ಪ್ರಶ್ನೆ. ಓವರ್‌ಟೈಮ್‌ಗೆ ಕಾನೂನಿನಂತೆ ಎರಡು ಪಟ್ಟು ದರ ಸಿಗುತ್ತದೆಯೇ, ಶಿಫ್ಟ್ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ, ಸಂಬಳ 21,000 ಮೀರದಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಯಾವಾಗ ಕೈಗೆ ಸಿಗುತ್ತದೆ ಎಂಬುದು ಆಮೇಲಿನವು. ರಾತ್ರಿ ಪಾಳಿಯ ಕೆಲಸಕ್ಕೆ ಹೋಗುವ ಮಹಿಳೆಯರು ಕ್ಯಾಬ್ ಮನೆ ಬಾಗಿಲವರೆಗೂ ಬರುತ್ತದೆಯೇ ಎಂದು ಕೇಳಬೇಕು. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಲೈಂಗಿಕ ಕಿರುಕುಳದ ದೂರು ಆಲಿಸುವ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಅದರ ಅಧ್ಯಕ್ಷರು ಯಾರೆಂದು ಎಚ್‌ಆರ್ ತಡವರಿಸದೆ ಹೇಳಬಲ್ಲರೇ ಗಮನಿಸಿ.

ಸರ್ಕಾರಿ ಹುದ್ದೆಯ ಸಂದರ್ಶನಕ್ಕೆ ಇವು ಹೊಂದುವುದಿಲ್ಲ. ಅಲ್ಲಿ ವೇತನ ಶ್ರೇಣಿಯೂ ಪ್ರೊಬೇಷನ್ ಅವಧಿಯೂ ಅಧಿಸೂಚನೆಯಲ್ಲೇ ಅಚ್ಚಾಗಿರುತ್ತವೆ.

ಆಫರ್ ಲೆಟರ್ ಬಂದ ಮೇಲೆ

ಬಾಯಿಮಾತಿನಲ್ಲಿ ಒಪ್ಪಿದ ಕೆಲಸದ ಊರು, ಶಿಫ್ಟ್, ಸಂಬಳದ ವಿಂಗಡಣೆ, ನೋಟಿಸ್ ಅವಧಿ ಆಫರ್ ಲೆಟರ್‌ನಲ್ಲೂ ಹಾಗೆಯೇ ಇವೆಯೇ ಎಂದು ಸಾಲು ಸಾಲಾಗಿ ಹೋಲಿಸಿ ನೋಡಿ. ಬಿಟ್ಟುಹೋದದ್ದು ಕಂಡರೆ ಫೋನ್ ಮಾಡುವ ಬದಲು ‘ಸಂದರ್ಶನದಲ್ಲಿ ಹುಬ್ಬಳ್ಳಿ ಕಚೇರಿ ಎಂದು ತಿಳಿಸಿದ್ದಿರಿ, ಪತ್ರದಲ್ಲಿ ಸ್ಥಳ ನಮೂದಾಗಿಲ್ಲ, ದಯವಿಟ್ಟು ಖಚಿತಪಡಿಸಿ’ ಎಂಬಂತೆ ಎರಡು ಸಾಲಿನ ಇಮೇಲ್ ಕಳಿಸಿ. ಈಗಾಗಲೇ ಕೆಲಸದಲ್ಲಿರುವವರು ಅದಕ್ಕೆ ಬರಹದಲ್ಲಿ ಉತ್ತರ ಬಂದ ಮೇಲಷ್ಟೇ ರಾಜೀನಾಮೆ ಕೊಡಬೇಕು.