ಕೌದಿಯ ಬಟ್ಟೆಗೆ ಗಂಜಿ: ಕತ್ತರಿಸುವ ಮೊದಲೇ ಹಾಕಿ

ಕೌದಿಗಾಗಿ ಬಟ್ಟೆ ಕತ್ತರಿಸುವವರು ಗಂಜಿಯನ್ನು ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು. ತುಂಡು ಮಾಡಿದ ಮೇಲೆ ಒದ್ದೆಯಾದರೆ ಹತ್ತಿ ಬಟ್ಟೆ ಕುಗ್ಗಿ ಅಳತೆ ತಪ್ಪಬಹುದು. ತ್ರಿಕೋನದ ತುಂಡುಗಳಿಗಂತೂ ಇದು ಬೇಕೇ ಬೇಕು, ಏಕೆಂದರೆ ಓರೆಯಾಗಿ ಕತ್ತರಿಸಿದ ಅಂಚು ಬರಿಯ ಕೈ ತಾಗಿದರೂ ಹಿಗ್ಗುತ್ತದೆ, ಹೊಲಿಗೆ ಯಂತ್ರದಲ್ಲಿ ಬಟ್ಟೆಯನ್ನು ಸರಿಸುವ ಹಲ್ಲುಗಳ ಎಳೆತಕ್ಕೆ ಸಿಕ್ಕಿ ಅಲೆಯಲೆಯಾಗುತ್ತದೆ. ಗಂಜಿಯಿಂದ ಕಾಗದದಂತೆ ಬಿಗಿಯಾದ ಬಟ್ಟೆಯಲ್ಲಿ ಅಂಚಿನಿಂದ ಕಾಲು ಇಂಚು ಬಿಟ್ಟು ಹಾಕುವ ಹೊಲಿಗೆ ಕೊನೆಯವರೆಗೂ ನೇರವಾಗಿ ಸಾಗುತ್ತದೆ. ಗಂಜಿ ಎಳೆಗಳಿಗೆ ಇಳಿದು ಬಟ್ಟೆ ಬಹುಪಾಲು ಒಣಗಿದ ನಂತರವೇ ಇಸ್ತ್ರಿ ಮಾಡಬೇಕು, ಇಲ್ಲದಿದ್ದರೆ ಅದು ಪೆಟ್ಟಿಗೆಯ ತಳಕ್ಕೆ ಅಂಟಿಕೊಳ್ಳುತ್ತದೆ. ಪೆಟ್ಟಿಗೆಯನ್ನು ಎಳೆದಾಡದೆ, ಎತ್ತಿ ಎತ್ತಿ ಒತ್ತಿರಿ. ಗಂಜಿ ಹಾಕಿದ ಬಟ್ಟೆಯನ್ನು ತಿಂಗಳುಗಟ್ಟಲೆ ಮಡಚಿಡುವುದು ಬೇಡ (ಹುಳುಗಳಿಗೆ ಅದು ಬಲು ಇಷ್ಟ). ಕೌದಿ ಮುಗಿದ ಮೇಲೆ ತೊಳೆದರೆ ಗಂಜಿ ಬಿಟ್ಟುಹೋಗುತ್ತದೆ.