ಡಂಜನ್ ಮಾಸ್ಟರ್: ಆಟಗಾರರ ದೂರುಗಳು ಮತ್ತು ನಾನು ಆಡುವ ಕ್ರಮ

1987ರ ಕೊನೆಯಲ್ಲಿ ಎಫ್‌ಟಿಎಲ್ ಗೇಮ್ಸ್ ಅಟಾರಿ ಎಸ್‌ಟಿ ಕಂಪ್ಯೂಟರಿಗೆ ತಂದ ‘ಡಂಜನ್ ಮಾಸ್ಟರ್’ (ನಾಲ್ವರ ತಂಡವನ್ನು ನೆಲದಡಿಯ ಮಹಡಿಗಳಲ್ಲಿ ಕೆಳಕ್ಕೆ ಇಳಿಸುವ ಆಟ) ಬಗ್ಗೆ ಆಡಿದವರನ್ನು ಕೇಳಿ ನೋಡಿ, ಎರಡು ಬಗೆಯ ಉತ್ತರ ಸಿಗುತ್ತದೆ. ಇಂಥದ್ದು ಮತ್ತೆ ಬರಲಿಲ್ಲ ಅನ್ನುವವರು ಕೆಲವರು. ಮೂರನೇ ಮಹಡಿಗೆ ಬರುವಷ್ಟರಲ್ಲಿ ಊಟ ಖಾಲಿ, ಪಂಜು ಖಾಲಿ, ನಾಲ್ಕನೆಯದರಲ್ಲಿ ಹುಳುಗಳ ಬಾಯಿಗೆ ಬಿದ್ದು ಆಟವನ್ನೇ ಬಿಟ್ಟೆವು ಅನ್ನುವವರು ಉಳಿದವರು. ಹದಿನಾಲ್ಕು ಮಹಡಿಯನ್ನೂ ಬೇರೆ ಬೇರೆ ತಂಡ ಕಟ್ಟಿಕೊಂಡು ಇಳಿದಿದ್ದೇನೆ. ಬಿಟ್ಟವರ ದೂರು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಇದನ್ನು ಸರದಿ ಮೇಲೆ ನಡೆಯುವ ಆಟದಂತೆ ಆಡಿರುತ್ತಾರೆ. ನಾವು ಯೋಚಿಸುತ್ತ ನಿಂತರೂ ಇಲ್ಲಿ ಗಡಿಯಾರ ನಿಲ್ಲುವುದಿಲ್ಲ. ಸೆಕೆಂಡಿಗೆ ಸುಮಾರು 6 ಮಿಡಿತ. ಹಸಿವು, ಪಂಜಿನ ಉರಿ, ಮಾನಾ (ಮಂತ್ರ ಹಾಕಲು ಬೇಕಾದ ಶಕ್ತಿ) ತುಂಬುವುದು, ಎದುರಿನ ಪ್ರಾಣಿ ತಿರುಗಿ ಹೊಡೆಯುವುದು, ಎಲ್ಲವೂ ಆ ಮಿಡಿತದ ಲೆಕ್ಕದಲ್ಲೇ. ನಾನು ಆಡುವ ಕ್ರಮವೆಲ್ಲ ಈ ಒಂದು ಸಂಗತಿಯ ಸುತ್ತ ಬೆಳೆದದ್ದು.

ಮೊದಲು ಆಟ ಸರಿಯಾಗಿ ಓಡಬೇಕು. ‘ಅರ್ಧದಲ್ಲಿ ಆಟ ಕೈಕೊಡುತ್ತದೆ’ ಅನ್ನುವ ಹಳೆಯ ದೂರಿಗೆ ಕಾರಣ ಬಹುಮಟ್ಟಿಗೆ ಡಿಸ್ಕ್ ಪ್ರತಿ. ನಕಲು ತಡೆಯಲೆಂದು ಮೂಲ ಫ್ಲಾಪಿಯಲ್ಲಿ ಓದಿದಾಗಲೆಲ್ಲ ಬೇರೆ ಬೇರೆ ಬೆಲೆ ಕೊಡುವ ‘ಫಜಿ ಬಿಟ್’ಗಳಿದ್ದವು. ಆಟ ಅದನ್ನು ಶುರುವಿನಲ್ಲಿ ಒಂದು ಸಲ ನೋಡಿ ಸುಮ್ಮನಾಗುವುದಿಲ್ಲ, ನಡುವೆಯೂ ಪರೀಕ್ಷಿಸುತ್ತಿರುತ್ತದೆ. ಸಾಮಾನ್ಯ ಎಸ್‌ಟಿ ಇಮೇಜಿನಲ್ಲಿ (ಫ್ಲಾಪಿಯ ಫೈಲ್ ರೂಪದ ನಕಲು) ಆ ಬಿಟ್‌ಗಳು ಉಳಿಯುವುದಿಲ್ಲ. ಎಸ್‌ಟಿಎಕ್ಸ್ ಇಮೇಜಿನಲ್ಲಿ ಉಳಿಯುತ್ತವೆ. ಹಟಾರಿ ಅಥವಾ ಸ್ಟೀಮ್ (Steem) ಎಮ್ಯುಲೇಟರಿನಲ್ಲಿ (ಹಳೆಯ ಕಂಪ್ಯೂಟರನ್ನು ಅನುಕರಿಸುವ ಪ್ರೋಗ್ರಾಂ) ಎಸ್‌ಟಿಎಕ್ಸ್ ಹಾಕಿ ಆಡಿದರೆ ಈ ತಲೆನೋವಿಲ್ಲ. ಅಮಿಗಾ ಕಂಪ್ಯೂಟರಿನ ಆವೃತ್ತಿಗೆ 1 ಎಂಬಿ ಮೆಮೊರಿ ಬೇಕು, ಎಮ್ಯುಲೇಟರಿನ ಸೆಟ್ಟಿಂಗಿನಲ್ಲಿ ಅಷ್ಟು ಕೊಡಲೇಬೇಕು. 1992ರ ಡಾಸ್ ಆವೃತ್ತಿ ಡಾಸ್‌ಬಾಕ್ಸಿನಲ್ಲಿ ಓಡುತ್ತದೆ. ಯಾವುದೇ ಆಗಲಿ, ಸೇವ್ ಫೈಲನ್ನು ಪ್ರತಿ ಮಹಡಿ ಇಳಿಯುವ ಮುನ್ನ ಬೇರೆ ಹೆಸರಿನಲ್ಲಿ ನಕಲು ಮಾಡಿಟ್ಟುಕೊಳ್ಳಿ. ಕೀಲಿ ಕಳೆದುಕೊಂಡ ಮೇಲೆ ಮಾಡಿದ ಸೇವ್ ಒಂದೇ ಉಳಿದರೆ ಹಿಂದೆ ಹೋಗುವ ದಾರಿಯೇ ಇರುವುದಿಲ್ಲ.

ಈಗ ತಂಡದ ಮಾತು. ಆಟಗಾರರ ನಡುವೆ ಇಂದಿಗೂ ಮುಗಿಯದ ವಾದ ಇದೇ. ಮೊದಲ ಮಹಡಿಯ ಕನ್ನಡಿಗಳಲ್ಲಿ 24 ವೀರರಿದ್ದಾರೆ, ಆರಿಸಬಹುದಾದದ್ದು ನಾಲ್ವರನ್ನು. ಪ್ರತಿಯೊಬ್ಬರನ್ನೂ ‘ರಿಸರೆಕ್ಟ್’ ಮಾಡಬಹುದು, ಅಂದರೆ ಇದ್ದ ಕೌಶಲದ ಸಮೇತ ಎಬ್ಬಿಸುವುದು. ಅಥವಾ ‘ರೀಇನ್‌ಕಾರ್ನೇಟ್’ ಮಾಡಬಹುದು. ಆಗ ಕೌಶಲ ಪೂರ್ತಿ ಅಳಿದು, ಬದಲಿಗೆ ಶಕ್ತಿ, ಚುರುಕು, ವಿವೇಕ ಮುಂತಾದ ಗುಣಗಳಿಗೆ ಒಟ್ಟು 12 ಅಂಕ ಅಲ್ಲಲ್ಲಿ ಹಂಚಿ ಸೇರುತ್ತದೆ, ಹೆಸರೂ ನಮ್ಮಿಷ್ಟದ್ದು. ಕೌಶಲ ಕಳೆದುಕೊಳ್ಳುವುದು ದಡ್ಡತನ ಅಂತ ಹಲವರ ಅಭಿಪ್ರಾಯ. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ. ಕೌಶಲದ ಮೊದಲ ಮೆಟ್ಟಿಲಾದ ನಿಯೋಫೈಟ್ ಆಗಲು 500 ಅನುಭವ ಅಂಕ ಸಾಕು. ಅಲ್ಲಿಂದ ಮೇಲೆ ಪ್ರತಿ ಮೆಟ್ಟಿಲಿಗೂ ಎರಡು ಪಟ್ಟು. ನಾವಿಸ್ 1,000, ಅಪ್ರೆಂಟಿಸ್ 2,000, ಜರ್ನಿಮನ್ 4,000, ಹೀಗೆ ಏರುತ್ತ ಎಕ್ಸ್‌ಪರ್ಟ್ 64,000. ಅಪ್ರೆಂಟಿಸ್ ಆಗಿಯೇ ಎದ್ದ ವೀರನಿಗೆ ಸಿಕ್ಕ ಮುನ್ನಡೆ 2,000 ಅಂಕ. ಎಕ್ಸ್‌ಪರ್ಟ್ ಹೊತ್ತಿಗೆ ಅದು ಮೂವತ್ತೆರಡರಲ್ಲಿ ಒಂದು ಪಾಲು, ಇದ್ದೂ ಇಲ್ಲದಂತೆ. ಗುಣಕ್ಕೆ ಸೇರಿದ 12 ಅಂಕ ಮಾತ್ರ ಕೊನೆಯವರೆಗೂ ಉಳಿಯುತ್ತದೆ. ಹಾಗಾಗಿ ಮೊದಲ ಸಲ ಆಡುವವರಿಗೆ ನಾನು ಹೇಳುವುದು: ಮುಂದಿನ ಸಾಲಿನ ಇಬ್ಬರನ್ನು ರಿಸರೆಕ್ಟ್ ಮಾಡಿ, ಆರಂಭದ ಮಮ್ಮಿಗಳ (ಬಟ್ಟೆ ಸುತ್ತಿದ ಜೀವಂತ ಶವಗಳು) ಎದುರು ಕೈ ಗಟ್ಟಿಯಿರುತ್ತದೆ. ಹಿಂದಿನ ಇಬ್ಬರನ್ನು ರೀಇನ್‌ಕಾರ್ನೇಟ್ ಮಾಡಿ. ಆಟ ಪಳಗಿದ ಮೇಲೆ ನಾಲ್ವರನ್ನೂ ಹಾಗೇ ಮಾಡಬಹುದು.

ಹಾಲ್ಕ್ ಎಂಬ ಬಾರ್ಬೇರಿಯನ್ ಎಲ್ಲರ ಕಣ್ಣಿಗೂ ಬೀಳುತ್ತಾನೆ, ಜೀವಬಲ ಅಷ್ಟಿದೆ. ಆದರೆ ಅವನ ಮಾನಾ ಸೊನ್ನೆ. ಈ ಆಟದಲ್ಲಿ ನಾಲ್ವರೂ ಮಂತ್ರ ಹಾಕಬಲ್ಲವರಾಗಿರುವುದರಿಂದ, ಮಾನಾ ಇಲ್ಲದ ಒಬ್ಬನೆಂದರೆ ಕಾಲು ಭಾಗ ಬೆಳಕು, ಕಾಲು ಭಾಗ ಔಷಧ ಕಡಿಮೆಯಾದಂತೆ. ನಾನು ಅವನನ್ನು ಬಿಟ್ಟೇ ಹೋಗುತ್ತೇನೆ.

ಮಂತ್ರದ ಬಗ್ಗೆ ಆಟಗಾರರು ಕೊಡುವ ಹೊಗಳಿಕೆ ಪೂರ್ತಿ ಸಲ್ಲಬೇಕಾದದ್ದು. ಪಟ್ಟಿಯಿಂದ ಆರಿಸುವ ಮಂತ್ರ ಇಲ್ಲಿಲ್ಲ. ಅಕ್ಷರ ಜೋಡಿಸಿ ಕಟ್ಟಬೇಕು. ಮೊದಲ ಅಕ್ಷರ ಬಲದ್ದು: ಲೋ, ಉಮ್, ಆನ್, ಈ, ಪಾಲ್, ಮಾನ್, ಬೆಲೆ ಕ್ರಮವಾಗಿ 1ರಿಂದ 6 ಮಾನಾ. ಆಮೇಲಿನ ಅಕ್ಷರಗಳಿಗೆ ಅವುಗಳದೇ ಬೆಲೆಯಿದೆ: ಯಾ 2, ವಿ 3, ಓ 4, ಫುಲ್ 5, ದೆಸ್ 6, ಜೋ 7, ಇರ್ 7, ಬ್ರೋ 7. ಬಲ ಏರಿದಂತೆ ಈ ಬೆಲೆಯೂ ಏರುತ್ತದೆ: ಉಮ್‌ಗೆ ಒಂದೂವರೆ ಪಟ್ಟು, ಆನ್‌ಗೆ ಎರಡು, ಮಾನ್‌ಗೆ ಮೂರೂವರೆ. ‘ಲೋ ಫುಲ್’ ಅಂದರೆ ಪಂಜಿನಷ್ಟು ಬೆಳಕು, 6 ಮಾನಾ. ‘ಲೋ ಫುಲ್ ಇರ್’ ಅಂದರೆ ಬೆಂಕಿ ಚೆಂಡು, 13. ಅದನ್ನೇ ‘ಮಾನ್ ಫುಲ್ ಇರ್’ ಮಾಡಿದರೆ 47. ಎಡವುವ ಜಾಗ ಇಲ್ಲಿದೆ: ಮಾನಾ ಹೋಗುವುದು ಮಂತ್ರ ಹಾಕಿದಾಗಲ್ಲ, ಅಕ್ಷರ ಒತ್ತಿದಾಗಲೇ. ತಪ್ಪು ಅಕ್ಷರ ಒತ್ತಿ ಅಳಿಸಿದರೆ ಕೊಟ್ಟದ್ದು ವಾಪಸ್ ಬರುವುದಿಲ್ಲ. ಜಗಳದ ನಡುವೆ ಅವಸರದಲ್ಲಿ ಅಕ್ಷರ ಹುಡುಕುವವರ ಮಾನಾ ಹೀಗೇ ಸೋರಿಹೋಗುತ್ತದೆ. ಬಾಗಿಲು ತೆರೆಯುವ ಮುನ್ನವೇ ಇಬ್ಬರ ಮಂತ್ರವನ್ನೂ ಜೋಡಿಸಿಟ್ಟುಕೊಂಡರೆ, ಆಮೇಲೆ ಒಂದೊಂದು ಒತ್ತು ಸಾಕು.

ಕೌಶಲ ಏರುವುದು ಮಾಡಿದ ಕೆಲಸದಿಂದ. ಸೋತ ಮಂತ್ರದಿಂದಲೂ ಸ್ವಲ್ಪ ಅನುಭವ ಸಿಗುತ್ತದೆ. ಅದಕ್ಕೇ ಎರಡನೇ ಮಹಡಿಯಿಂದಲೇ ನಾಲ್ವರ ಕೈಯಲ್ಲೂ ಸರದಿ ಪ್ರಕಾರ ‘ಲೋ ಫುಲ್’ ಹಾಕಿಸುತ್ತೇನೆ. ವಿಜಾರ್ಡ್ (ಮಂತ್ರವಾದಿ) ಕೌಶಲವೂ ಬೆಳೆಯುತ್ತದೆ, ಪಂಜೂ ಉಳಿಯುತ್ತದೆ. ಪ್ರೀಸ್ಟ್ (ಔಷಧ ಮಾಡುವ) ಕೌಶಲಕ್ಕೆ ಅತಿ ಅಗ್ಗದ ದಾರಿ ‘ಲೋ ಯಾ’, ದಣಿವಾರಿಸುವ ಔಷಧ, ಬರೀ 3 ಮಾನಾ. ಖಾಲಿ ಸೀಸೆ ಮಂತ್ರ ಹಾಕುವವರ ಕೈಯಲ್ಲೇ ಇರಬೇಕು, ಚೀಲದಲ್ಲಿದ್ದರೆ ನಡೆಯುವುದಿಲ್ಲ. ಮಾಡು, ಕುಡಿ, ಸೀಸೆ ಮತ್ತೆ ಖಾಲಿ, ಮತ್ತೆ ಮಾಡು. ಮುಂದೆ ಗಾಯಕ್ಕೆ ‘ವಿ’, ವಿಷಕ್ಕೆ ‘ವಿ ಬ್ರೋ’ ಬೇಕಾದಾಗ ಕೈ ತಪ್ಪುವುದಿಲ್ಲ. ಬರಿಗೈಯಲ್ಲಿ ‘ವಾರ್ ಕ್ರೈ’ ಕೂಗಿದರೂ ಪ್ರೀಸ್ಟ್ ಕೌಶಲ ಏರುತ್ತದೆ, ಗುದ್ದು ಒದೆತಗಳಿಂದ ನಿಂಜಾ ಕೌಶಲ. ಗೋಡೆಗೆ ಹೊಡೆಯುತ್ತ ಕೂರುವವರು ಒಂದು ವಿಷಯ ತಿಳಿದಿರಲಿ: ಸುಮಾರು 25 ಸೆಕೆಂಡಿನಿಂದ ಯಾವ ಪ್ರಾಣಿಯೂ ನಮ್ಮ ಮೇಲೆ ಬೀಳದಿದ್ದರೆ ಕಾದಾಟದ ಅನುಭವ ಅರ್ಧಕ್ಕೆ ಇಳಿಯುತ್ತದೆ. ಮಹಡಿ ಆಳವಾದಷ್ಟೂ ಅನುಭವದ ಗುಣಕ ಹೆಚ್ಚು. ಹಾಗಾಗಿ ಮೇಲಿನ ಮಹಡಿಯಲ್ಲಿ ಗಂಟೆಗಟ್ಟಲೆ ಸಾಧನೆ ಮಾಡುವುದು ನಷ್ಟದ ಬಾಬತ್ತು.

ಊಟ ಸಾಲದು ಅನ್ನುವ ದೂರಿಗೆ ಉತ್ತರ ಇಲ್ಲಿಗೇ ಬಂದು ಸೇರುತ್ತದೆ. ಕಳೆದ ಹೊತ್ತೆಲ್ಲ ಹೊಟ್ಟೆಯ ಲೆಕ್ಕಕ್ಕೆ ಹೋಗುತ್ತದೆ. ಮಾನಾ ತುಂಬಲಿ ಅಂತ ಪದೇ ಪದೇ ಮಲಗಿಸಿದರೆ ಊಟ ಬೇಗ ಕರಗುತ್ತದೆ. ಸೇಬು, ಬ್ರೆಡ್ಡು, ಚೀಸು ಕಂಡದ್ದನ್ನೆಲ್ಲ ಎತ್ತಿಕೊಳ್ಳಿ, ಆದರೆ ನಂಬಬೇಕಾದದ್ದು ಬೇಟೆಯನ್ನು. ಅಣಬೆಯಂಥ ಸ್ಕ್ರೀಮರ್ ಸತ್ತರೆ ಹೋಳು ಬೀಳುತ್ತದೆ, ಹುಳು ಸತ್ತರೆ ಅದರ ಮಾಂಸದ ಉರುಟು. ಹುಳು ಅಪಾಯವೂ ಹೌದು, ಉಗ್ರಾಣವೂ ಹೌದು. ನೀರಿನ ಚೀಲ ಮೂರು ಸಲಕ್ಕೆ ಬರುತ್ತದೆ; ಕಾರಂಜಿ ಕಂಡಾಗ ಮೊದಲು ಎಲ್ಲರಿಗೂ ಕುಡಿಸಿ, ಆಮೇಲೆ ತುಂಬಿಕೊಳ್ಳಿ. ಪಂಜು ಉರಿಯುವುದು ಕೈಯಲ್ಲಿದ್ದಾಗ ಮಾತ್ರ, ಚೀಲಕ್ಕೆ ಹಾಕಿದರೆ ಉಳಿಯುತ್ತದೆ. ಬೆಳಕಿನ ಮಂತ್ರ ‘ಓ ಇರ್ ರಾ’ ಕೈಗೆ ಬಂದ ದಿನದಿಂದ (ಲೋ ಬಲಕ್ಕೆ 18 ಮಾನಾ) ಪಂಜನ್ನು ಮರೆತುಬಿಡಬಹುದು.

ಕಾದಾಟವೇ ಈ ಆಟದ ಜೀವ. ನಾಲ್ಕನೇ ಮಹಡಿಯ ಹುಳುವನ್ನೇ ತೆಗೆದುಕೊಳ್ಳಿ: ಕಚ್ಚಿದರೆ ವಿಷ, ಜೀವಬಲ ಜಾಸ್ತಿ, ಎದುರು ನಿಂತು ಹೊಡೆದಾಡಿದರೆ ಮುಂದಿನ ಸಾಲಿನ ಇಬ್ಬರೂ ಹೋಗುತ್ತಾರೆ. ಅದನ್ನು ಓಣಿಯಲ್ಲಿ ಎದುರಿಸಬೇಡಿ. ಎರಡಕ್ಕೆರಡು ಚೌಕ ಖಾಲಿಯಿರುವ ಜಾಗಕ್ಕೆ ಹಿಮ್ಮೆಟ್ಟಿ. ಹುಳು ಎದುರಿನ ಚೌಕಕ್ಕೆ ಬಂದು ನಿಂತ ಕ್ಷಣ, ಅದು ಆಗಷ್ಟೇ ಹೆಜ್ಜೆ ಇಟ್ಟಿರುತ್ತದೆ, ಕಚ್ಚಲು ಇನ್ನೂ ಕೆಲವು ಮಿಡಿತ ಬೇಕು. ಆ ಸಂದಿನಲ್ಲಿ ಮುಂದಿನ ಇಬ್ಬರ ಏಟು. ಏಟು ಬಿತ್ತೋ ಇಲ್ಲವೋ ಅಂತ ನೋಡುತ್ತ ನಿಲ್ಲದೆ ಪಕ್ಕಕ್ಕೆ ಒಂದು ಹೆಜ್ಜೆ. ಈಗ ಹುಳು ಮೂಲೆಗೆ ಓರೆಯಾಗಿದೆ. ಓರೆಯಿಂದ ಅದು ಕಚ್ಚಲಾರದು. ಒಂದೋ ನಾವು ಬಿಟ್ಟ ಚೌಕಕ್ಕೆ ಬರುತ್ತದೆ, ಇಲ್ಲವೇ ನಮ್ಮ ನೇರಕ್ಕೆ ಸರಿಯುತ್ತದೆ. ಯಾವ ಕಡೆ ಅಂತ ಕಂಡ ಕೂಡಲೇ ಅತ್ತ ತಿರುಗಿ, ಮತ್ತೆ ಏಟು, ಮತ್ತೆ ಪಕ್ಕದ ಹೆಜ್ಜೆ. ಲಯ ಕೈಗೆ ಕೂತ ಮೇಲೆ ಹುಳು ಒಂದು ಸಲವೂ ಮುಟ್ಟದಂತೆ ಅದನ್ನು ಕೆಡವಬಹುದು. ಹದಿನಾಲ್ಕನೇ ಮಹಡಿಯ ಕೆಂಪು ಡ್ರ್ಯಾಗನ್ನಿಗೂ ಇದೇ ಕುಣಿತ. ತಪ್ಪುವುದು ಸಾಮಾನ್ಯವಾಗಿ ಇನ್ನೊಂದು ಏಟಿನ ಆಸೆಗೆ. ಆಯುಧ ಮತ್ತೆ ಸಿದ್ಧವಾಗುವವರೆಗೆ ಕಾಯುತ್ತ ಅದೇ ಚೌಕದಲ್ಲಿ ನಿಂತರೆ ಕಚ್ಚಿಸಿಕೊಂಡಂತೆಯೇ.

ಇದನ್ನು ‘ಮೋಸ’ ಅಂತ ಕರೆಯುವ ಆಟಗಾರರಿದ್ದಾರೆ. ನಾನು ಒಪ್ಪುವುದಿಲ್ಲ. ಪ್ರಾಣಿಗೆ ತೂಕವಿದೆ, ತಿರುಗಲು ಹೊತ್ತು ಬೇಕು, ಅನ್ನುವ ನಿಯಮವನ್ನು ಆಟವೇ ಇಟ್ಟಿದೆ. ಬಾಗಿಲಿನ ಉಪಾಯವೂ ಹಾಗೇ: ಪ್ರಾಣಿ ಹೊಸ್ತಿಲಲ್ಲಿದ್ದಾಗ ಗುಂಡಿ ಒತ್ತಿದರೆ ಬಾಗಿಲು ಅದರ ತಲೆಗೆ ಬಡಿದು ಮೇಲೇಳುತ್ತದೆ, ಮತ್ತೆ ಇಳಿದು ಬಡಿಯುತ್ತದೆ. ಮಮ್ಮಿಗಳನ್ನು ಹೀಗೆ ಮುಗಿಸಬಹುದು. ನಾವು ಹೊಸ್ತಿಲಲ್ಲಿದ್ದರೆ ನಮಗೂ ಅದೇ ಪೆಟ್ಟು. ಬೆಂಕಿ ಚೆಂಡನ್ನು ಗೋಡೆಗೆ ಮುಖ ಮಾಡಿ ಹಾಕಬೇಡಿ; ಅದು ಮುಂದೆ ಹೋಗಲು ಜಾಗವಿಲ್ಲದೆ ನಮ್ಮ ಚೌಕದಲ್ಲೇ ಸಿಡಿಯುತ್ತದೆ. ದೆವ್ವಗಳಿಗೆ ಸಾಮಾನ್ಯ ಕತ್ತಿ ತಾಗುವುದಿಲ್ಲ, ‘ದೆಸ್ ಇವ್’ ಮಂತ್ರವೋ ವೋರ್ಪಲ್ ಕತ್ತಿಯ ‘ಡಿಸ್ರಪ್ಟ್’ ಏಟೋ ಬೇಕು.

ತಂಡ ಆಮೆಯಂತೆ ಸಾಗುತ್ತಿದೆ ಅನ್ನುವವರು ಹೊರೆಯ ಅಂಕೆ ನೋಡಿಲ್ಲ. ನಾಲ್ವರಲ್ಲಿ ಯಾರ ಹೊರೆ ಅತಿಯೋ ಅವರ ವೇಗವೇ ಎಲ್ಲರ ವೇಗ. ಮೇಲೆ ಹೇಳಿದ ಕುಣಿತಕ್ಕೆ ನಿಧಾನದ ಕಾಲು ಮಾರಕ, ಆದ್ದರಿಂದ ಭಾರದ ಕವಚಕ್ಕಿಂತ ಹಗುರದ ಕವಚ ಮೇಲು. ಕಾಲಿನ ಗಾಯವೂ ನಡಿಗೆ ನಿಧಾನ ಮಾಡುತ್ತದೆ, ‘ವಿ’ ಔಷಧ ಕುಡಿಸಿದರೆ ವಾಸಿ. ಯಾರಾದರೂ ಸತ್ತರೆ ಮೂಳೆಯನ್ನು ಎತ್ತಿಕೊಂಡು ವಿ ಬಲಿಪೀಠದ ಗೂಡಿನಲ್ಲಿಡಿ, ಎದ್ದು ಬರುತ್ತಾರೆ. ಅವರ ಸಾಮಾನು ಸತ್ತ ಜಾಗದಲ್ಲೇ ಬಿದ್ದಿರುತ್ತದೆ, ಅದರಲ್ಲಿ ಕೀಲಿ ಇದೆಯೇ ಅಂತ ನೋಡದೆ ಹೊರಡಬೇಡಿ.

ಕೆಲವು ಆಕ್ಷೇಪಗಳಿಗೆ ನನ್ನಲ್ಲಿ ಉತ್ತರವಿಲ್ಲ, ಅವು ನಿಜ. ಮಹಡಿ ಬದಲಾದರೂ ಗೋಡೆಯ ಕಲ್ಲು ಒಂದೇ ಥರ, ನಕ್ಷೆ ಆಟದೊಳಗೆ ಇಲ್ಲ. ಗೋಡೆಯ ಮೇಲಿನ ಗುಂಡಿ ಎಷ್ಟು ಚಿಕ್ಕದೆಂದರೆ ಹತ್ತಿರ ನಿಂತು ಕಲ್ಲು ಕಲ್ಲನ್ನೂ ನೋಡಬೇಕು. ಚೌಕುಳಿ ಹಾಳೆಯ ಮೇಲೆ ನಾನೇ ನಕ್ಷೆ ಬರೆಯುತ್ತೇನೆ. ಪ್ರತಿ ಮಹಡಿಗೆ 32ಕ್ಕೆ 32 ಚೌಕ ಗೀಟು ಹಾಕಿಕೊಂಡರೆ ಸಾಕು. ಒತ್ತುಹಾಸು (ತುಳಿದರೆ ಕೆಲಸ ಮಾಡುವ ನೆಲಗಲ್ಲು), ಗುಂಡಿ, ಬೀಳುಗುಂಡಿಗಳಿಗೆ ಬೇರೆ ಬೇರೆ ಗುರುತು ಹಾಕಿ, ಸುತ್ತಲೂ ದಾರಿ ಬರೆದಾದ ಮೇಲೆ ನಡುವೆ ಉಳಿದ ಖಾಲಿ ಜಾಗ ನೋಡಿ. ಗುಟ್ಟಿನ ಕೋಣೆ ಹೆಚ್ಚಾಗಿ ಅಲ್ಲೇ ಇರುತ್ತದೆ. ಕಣ್ಣಿಗೆ ಕಾಣದ ತಿರುಗುಚೌಕ ಮತ್ತು ಟೆಲಿಪೋರ್ಟರ್ ಅನುಮಾನ ಬಂದಾಗ ಒಂದು ಕೆಲಸಕ್ಕೆ ಬಾರದ ವಸ್ತುವನ್ನು ನೆಲದ ಮೇಲಿಟ್ಟು ಮುಂದೆ ಹೋಗಿ, ಅದು ಮತ್ತೆ ಎದುರಾದರೆ ಸುತ್ತಿದ್ದೇವೆ ಅಂತ ಗೊತ್ತಾಗುತ್ತದೆ. ಗಿಗ್ಲರ್‌ಗಳಿರುವ ಮಹಡಿಯಲ್ಲಿ ಮಾತ್ರ ಕೈಯಲ್ಲಿರುವ ವಸ್ತುಗಳ ಬಗ್ಗೆ ಎಚ್ಚರವಿರಲಿ. ಅವು ಕೈಯಲ್ಲಿದ್ದದ್ದನ್ನೇ ಕಸಿದು ಓಡುವ ಕಳ್ಳರು. ಕೊಂದರೆ ಕದ್ದದ್ದು ವಾಪಸ್ ಸಿಗುತ್ತದೆ.

ಅಂತ್ಯದ ಬಗ್ಗೆ ಹೆಚ್ಚು ಕೇಳಿಬರುವ ಕೋಪ: ಇಷ್ಟು ಕಷ್ಟಪಟ್ಟು ಆಟದ ಗುರಿಯಾದ ಮಂತ್ರದ ಕೋಲು ಫೈರ್‌ಸ್ಟಾಫ್ ತಂದು ಒಪ್ಪಿಸಿದರೆ, ಕಳಿಸಿದ ಲಾರ್ಡ್ ಲಿಬ್ರಾಸುಲಸ್ಸೇ ನಮ್ಮನ್ನು ಸುಡುತ್ತಾನೆ. ಕೆಳಗೆ ಕೋಲು ಸಿಕ್ಕಿತೆಂದು ಮೇಲೆ ಹತ್ತಿದವರಿಗೆ ಆಗುವುದು ಅದೇ. ಕೆಳಗಿನ ಮಹಡಿಗಳಲ್ಲಿ ಬಿದ್ದಿರುವ ಸುರುಳಿಗಳನ್ನು ಓದಿದವರಿಗೆ ಸುಳಿವು ಮೊದಲೇ ಸಿಗುತ್ತದೆ. ಕೋಲು ಹಿಡಿದು ಮೇಲೆ ಹೋಗದೆ ಇನ್ನೂ ಕೆಳಕ್ಕೆ ಇಳಿಯಬೇಕು. ಹದಿನಾಲ್ಕನೇ ಮಹಡಿಯಲ್ಲಿ ಡ್ರ್ಯಾಗನ್ನನ್ನು ದಾಟಿ ಪವರ್ ಜೆಮ್ (ಕೋಲಿಗೆ ಸೇರಿಸುವ ರತ್ನ) ಇರುವಲ್ಲಿಗೆ ಹೋಗಿ, ‘ಜೋ ಕಾಥ್ ರಾ’ ಹಾಕಿ ಅದನ್ನು ಬಿಡಿಸಬೇಕು. ಲೋ ಬಲಕ್ಕೆ 20 ಮಾನಾ, ಅಲ್ಲಿಗೆ ಹೋಗುವ ಮುನ್ನ ಅಷ್ಟನ್ನು ಒಬ್ಬರಲ್ಲಾದರೂ ಕಾದಿರಿಸಿ. ಜೆಮ್ ಸೇರಿದ ಕೋಲಿಗೆ ‘ಫ್ಲಕ್ಸ್‌ಕೇಜ್’ ಮತ್ತು ‘ಫ್ಯೂಸ್’ ಎಂಬ ಹೊಸ ಕ್ರಿಯೆಗಳು ಬರುತ್ತವೆ. ಆಟದ ಕೊನೆಯ ಎದುರಾಳಿ ಲಾರ್ಡ್ ಕೇಯಾಸ್‌ನನ್ನು ಕತ್ತಿಯಿಂದ ಕೊಲ್ಲಲು ಹೋಗಬೇಡಿ. ಅವನಿಗೆ ಪಾರಾಗಲು ಚೌಕವೇ ಉಳಿಯದಂತೆ ಫ್ಲಕ್ಸ್‌ಕೇಜ್ ಒತ್ತಿ ಸುತ್ತ ಪಂಜರ ಕಟ್ಟಿ, ಆಮೇಲೆ ಫ್ಯೂಸ್ ಒತ್ತಬೇಕು. ಪಂಜರ ಸ್ವಲ್ಪ ಹೊತ್ತಿಗೆ ಕರಗಿಹೋಗುತ್ತದೆ, ಹಾಗಾಗಿ ಎರಡನೆಯದನ್ನು ಕಟ್ಟುವಾಗಲೇ ಮೂರನೆಯದಕ್ಕೆ ಎತ್ತ ಹೆಜ್ಜೆ ಇಡಬೇಕು ಅನ್ನುವುದು ಗೊತ್ತಿರಬೇಕು. ಹುಳುವಿನ ಸುತ್ತ ಕಲಿತ ಪಕ್ಕದ ಹೆಜ್ಜೆಯೇ ಇಲ್ಲೂ ಕೆಲಸಕ್ಕೆ ಬರುತ್ತದೆ.