ದಾರ ಬಿಟ್ಟು ಕೊಳವೆ ಹಿಡಿದ ಮೇಲೆ: ನನ್ನ ಅನುಭವ

ನರಕ್ಕೆ ಪೆಟ್ಟಾದ ಮೇಲೆ ಉಳಿಯುವ ನೋವನ್ನೂ ಅದರ ಔಷಧಗಳನ್ನೂ ಇಲಿಗಳಲ್ಲಿ ಪರೀಕ್ಷಿಸುವುದು ನನ್ನ ಕೆಲಸ. ಅಂಥ ನೋವನ್ನು ಉಂಟುಮಾಡಲು, ಇಲಿಯ ಸಯಾಟಿಕ್ ನರದ (ಹಿಂಗಾಲಿಗೆ ಇಳಿಯುವ ದಪ್ಪ ನರ) ಸುತ್ತ ಕ್ರೋಮಿಕ್ ಗಟ್ ಎಂಬ ಹೊಲಿಗೆ ದಾರದಿಂದ ನಾಲ್ಕು ಸಡಿಲ ಗಂಟುಗಳನ್ನು ಹಾಕುವ, 1988ರಲ್ಲಿ ಬೆನೆಟ್ ಮತ್ತು ಶೀ ಪ್ರಕಟಿಸಿದ ವಿಧಾನವನ್ನೇ ನಾನೂ ಬಹುಕಾಲ ನೆಚ್ಚಿಕೊಂಡಿದ್ದೆ. ನರದ ಮೇಲ್ಪೊರೆಯ ರಕ್ತದ ಹರಿವು ನಿಲ್ಲದಂತೆ, ಆದರೆ ನರ ತುಸು ಅದುಮಿರುವಂತೆ ಗಂಟು ಬೀಳಬೇಕು. ಆ ಬಿಗಿ ಮಾತ್ರ ಕೈಯಿಂದ ಕೈಗೆ ಬದಲಾಗುತ್ತದೆ. ನೋವನ್ನು ನಾವು ಅಳೆಯುವುದು ವಾನ್ ಫ್ರೇ ಎಳೆಗಳಿಂದ: ಇವು ಗೊತ್ತಾದ ಬಲಕ್ಕೆ ಬಾಗುವ ನೈಲಾನ್ ಎಳೆಗಳು; ಅಂಗಾಲಿಗೆ ಒತ್ತಿದಾಗ ಎಷ್ಟು ಗ್ರಾಂ ಬಲಕ್ಕೆ ಇಲಿ ಕಾಲೆಳೆದುಕೊಳ್ಳುತ್ತದೆ ಎಂದು ನೋಡುತ್ತೇವೆ. ಒಂದೇ ಪಂಜರದಲ್ಲಿ ಒಂದು ಇಲಿ 2 ಗ್ರಾಂ ಎಳೆಗೇ ಕಾಲು ಕೊಡವಿ ಅಂಗಾಲು ನೆಕ್ಕಿಕೊಂಡರೆ, ಇನ್ನೊಂದು 15 ಗ್ರಾಂಗೂ ಅಲುಗುತ್ತಿರಲಿಲ್ಲ. ಈ ಏರುಪೇರನ್ನು ಮುಚ್ಚಲು ಗುಂಪುಗಳನ್ನು ಹಿಗ್ಗಿಸಬೇಕಾಗಿ, ಅನುದಾನದ ಹೆಚ್ಚುಕಡಿಮೆ ಅರ್ಧ ಭಾಗ ಇಲಿಗಳ ಖರೀದಿಗೂ ಸಾಕಣೆಗೂ ಕರಗುತ್ತಿತ್ತು. ಸಾಲದೆಂಬಂತೆ, ಆ ದಾರವೇ ಉರಿಯೂತ ತರುವುದರಿಂದ ಯಾವುದು ಒತ್ತಡದ ಫಲ, ಯಾವುದು ದಾರದ ಫಲ ಎಂದು ಬಿಡಿಸಿ ಹೇಳುವುದೂ ಕಷ್ಟವಾಗಿತ್ತು.

1996ರಲ್ಲಿ ಮೊಸ್ಕೋನಿ ಮತ್ತು ಕ್ರೂಗರ್ ವಿವರಿಸಿದ, ಉದ್ದಕ್ಕೆ ಸೀಳಿ ನರದ ಸುತ್ತ ತೊಡಿಸುವ ಪಾಲಿಥಿಲೀನ್ ಕೊಳವೆಯತ್ತ ನಾನು ಹೊರಳಿದಾಗ, ಅದು ಜಾರಿಹೋಗುತ್ತದೆ, ಇಲ್ಲವೇ ನರವನ್ನೇ ಕೊಯ್ಯುತ್ತದೆ ಎಂದು ಹಿರಿಯ ಸಹೋದ್ಯೋಗಿಗಳು ತಲೆಯಾಡಿಸಿದರು. ಮೊದಲ ತಂಡದಲ್ಲಿ ಅವರ ಮಾತೇ ನಿಜವಾಯಿತು: ಸೀಳಿದ ಅಂಚು ನರವನ್ನು ಗೀರಿತು, ಕೆಲವು ಇಲಿಗಳು ಬೆರಳುಗಳನ್ನು ಕಚ್ಚಿಕೊಳ್ಳತೊಡಗಿದ್ದರಿಂದ ಅವುಗಳಿಗೆ ದಯಾಮರಣ ಕೊಡಬೇಕಾಯಿತು. ಆಮೇಲೆ ಸುಮಾರು 2 ಮಿ.ಮೀ. ಉದ್ದ, ಮುಕ್ಕಾಲು ಮಿ.ಮೀ. ಒಳವ್ಯಾಸದ ತುಂಡುಗಳನ್ನು ಪ್ರತಿಬಾರಿಯೂ ಹೊಸ ಬ್ಲೇಡಿನಿಂದ ಸೀಳಿ, ಗಾಜಿನ ಕೊಕ್ಕೆಯಿಂದ ನರವನ್ನು ಎತ್ತದೆ, ಕೊಳವೆಯನ್ನೇ ಅದರ ಕೆಳಗೆ ತೂರಿಸಿ ತಿರುಗಿಸುವುದನ್ನು ರೂಢಿಸಿಕೊಂಡೆ. ಅಂಚನ್ನು ನುಣುಪು ಮಾಡುವ ಬಗೆಯನ್ನು ಪಕ್ಕದಲ್ಲಿ ಕೂತು ನೋಡಿದವರಿಗಷ್ಟೇ ಹೇಳಿಕೊಡುತ್ತೇನೆ.

ಈ ನಡುವೆ ವಾನ್ ಫ್ರೇ ಎಳೆಗಳ ಮೇಲೂ ಅನುಮಾನ ಬಂದು, ಅವುಗಳನ್ನು ಬೆಳಿಗ್ಗೆ ಬೆಳಿಗ್ಗೆ ತಕ್ಕಡಿಗೆ ಒತ್ತಿ ನೋಡತೊಡಗಿದೆ. ತೇವದ ದಿನಗಳಲ್ಲಿ ನೈಲಾನ್ ಮೆದುವಾಗಿ, ಎಳೆ ತನ್ನ ಮೇಲೆ ಬರೆದ ತೂಕಕ್ಕಿಂತ ಕಡಿಮೆ ಬಲಕ್ಕೇ ಬಾಗುತ್ತಿತ್ತು. ಔಷಧದ ಗುಣವೆಂದು ನಾವು ಬರೆದಿಟ್ಟ ಎಷ್ಟು ಅಂಕಿಗಳು ಹವೆಯ ಗುಣವಾಗಿದ್ದವೋ! ಕೋಣೆಗೆ ತೇವಾಂಶ ಹೀರುವ ಯಂತ್ರ ತರಿಸಿದ್ದು, ದುಬಾರಿ ಎಲೆಕ್ಟ್ರಾನಿಕ್ ಮಾಪಕ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗವಾಯಿತು.

ಹೀಗೆ ಕೊಳವೆ, ಎಳೆ ಎರಡೂ ಕೂಡಿಬಂದ ಮೇಲೆ, ಶಸ್ತ್ರಚಿಕಿತ್ಸೆಗೆ ಮೊದಲು 12ರಿಂದ 15 ಗ್ರಾಂ ಇದ್ದ ಹೊಸ್ತಿಲು (ಇಲಿ ಕಾಲೆಳೆದುಕೊಳ್ಳುವ ಕನಿಷ್ಠ ಬಲ) ವಾರದೊಳಗೆ 3 ಗ್ರಾಂ ಆಸುಪಾಸಿಗೆ ಇಳಿದು, ತಿಂಗಳು ಕಳೆದರೂ ಅಲ್ಲೇ ನಿಂತಿತು. ಶಾಮ್ ಗುಂಪಿನ (ಕೊಳವೆ ತೊಡಿಸದೆ ಬರೀ ಶಸ್ತ್ರಚಿಕಿತ್ಸೆ ಮಾಡಿದ ಇಲಿಗಳ) ಹೊಸ್ತಿಲು ಕದಲಲಿಲ್ಲ, ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಔಷಧವನ್ನು ಕೊಳವೆಯ ಇಲಿಗಳಿಗೆ ಕೊಟ್ಟಾಗ ಹೊಸ್ತಿಲು ಮತ್ತೆ ಏರಿತು. ಯಾವ ಇಲಿ ಯಾವ ಗುಂಪಿನದೆಂದು ತಿಳಿಸದೆ ಈ ಅಳತೆಗಳನ್ನು ಮಾಡಿಸಿದ್ದು, ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ್ದ ಸಹೋದ್ಯೋಗಿಯಿಂದಲೇ. ಗುಂಪಿಗೆ ಹನ್ನೆರಡರ ಬದಲು ಎಂಟು ಇಲಿಗಳು ಈಗ ಸಾಕಾಗುತ್ತಿವೆ, ಮುಂದಿನ ಅರ್ಜಿಯಲ್ಲಿ ನೈತಿಕ ಸಮಿತಿಯ ಮುಂದೆಯೂ ಅಷ್ಟನ್ನೇ ಕೇಳಿದ್ದೇನೆ.